ನಾಲ್ಕು ಕಡ್ಡಿ

ಪರದೆಯ ಮೇಲೆ ನಾಲ್ಕನೆಯ ಕಡ್ಡಿ ಮೂಡಿದ್ದೇ ತಡ, ರೇಡಿಯೋದವನು ತಲೆದೂಗಿದ. “ನೋಡಿ ಮೇಡಂ, ಎಷ್ಟು ಕ್ಲಿಯರ್! ಉಪಗ್ರಹದಿಂದ ನೇರ ಬರ್ತಿರೋದು. ಒಂದ್ ಚೂರು ಗೊರಗೊರ ಇದ್ಯಾ?”

ಹೊಲಿಗೆ ಅಂಗಡಿಯ ಆರೂ ಮಿಷನ್ನುಗಳು ನಿಂತವು. ಆರು ಹೆಂಗಸರೂ ಅವನನ್ನೇ ನೋಡಿದರು. ಹಾಡು ಅಷ್ಟು ಹಿಡಿಸಿರಬೇಕು ಎಂದುಕೊಂಡು ಅವನು ಖುಷಿಯಿಂದ ಮೇಜಿನ ಮೇಲೆ ಬೆರಳಲ್ಲಿ ತಾಳವನ್ನೂ ಹಾಕಿದ. ರಿಸೀವರಿನ ಪುಟ್ಟ ಪರದೆಯಲ್ಲಿ ಹಾಡಿನ ಹೆಸರು ಬಲದಿಂದ ಎಡಕ್ಕೆ ಹರಿಯುತ್ತಿತ್ತು. ಮೂಲೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳು ಭರ್ತಿ. ಇನ್ನೇನು ಬೇಕು?

ಅವನ ಕಿವಿ ಕೈಕೊಡಲು ಶುರುಮಾಡಿ ಎರಡು ವರ್ಷವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಹಳೆಯ ರೇಡಿಯೋಗಳಾಗಿದ್ದರೆ ವಾರದಲ್ಲೇ ಬಣ್ಣ ಬಯಲಾಗುತ್ತಿತ್ತು. ಅವುಗಳ ಗೊರಗೊರ ಕೇಳಿಯೇ ಕಾಯಿಲೆ ಪತ್ತೆ ಹಚ್ಚಬೇಕಿತ್ತು. ಉಪಗ್ರಹ ರೇಡಿಯೋದಲ್ಲಿ ಆ ರಗಳೆಯಿಲ್ಲ. ಮಹಡಿಯ ಮೇಲೆ ಅಂಗೈಯಗಲದ ಆಂಟೆನಾವನ್ನು ಉಪಗ್ರಹದ ದಿಕ್ಕಿಗೆ ವಾಲಿಸುವುದು, ಕೆಳಗೆ ಬಂದು ಕಡ್ಡಿ ಎಣಿಸುವುದು. ಬಂದರೆ ಪೂರ್ತಿ ಬಂತು, ಇಲ್ಲವೆಂದರೆ ಇಲ್ಲ. ಕಣ್ಣಿದ್ದರೆ ಸಾಕು.

ಜನರ ಮಾತನ್ನೂ ಅವನು ಕಣ್ಣಲ್ಲೇ, ತುಟಿ ನೋಡಿ ಹಿಡಿಯುತ್ತಿದ್ದ. ತಪ್ಪಿದಾಗ ಹೆಂಡತಿ ‘ಜಾಣ ಕಿವುಡು’ ಎಂದು ಮೂದಲಿಸುತ್ತಿದ್ದಳು. ಅದು ಅವನಿಗೆ ಅನುಕೂಲವೇ ಆಗಿತ್ತು. ನಿಜವಾದ ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಜಾಣ ಕಿವುಡ ಅನ್ನಿಸಿಕೊಳ್ಳುವುದು ಎಷ್ಟೋ ಮೇಲು. ಅವನು ಕೆಲಸಕ್ಕಿದ್ದ ರೇಡಿಯೋ ಅಂಗಡಿ ಅಕ್ಕನ ಗಂಡನದು. ಭಾವ ಫೋನ್ ಮಾಡಿದರೆ ಇವನು ಎತ್ತುತ್ತಿರಲಿಲ್ಲ. ‘ಮಹಡಿ ಮೇಲಿದ್ದೇನೆ’ ಎಂದು ಮೆಸೇಜ್ ಹಾಕುತ್ತಿದ್ದ. ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ಗಿರಾಕಿಗಳಿಂದ ಎರಡು ದೂರು ಬಂದಾಗಿತ್ತು. “ಇನ್ನೊಂದು ದೂರು ಬಂದ್ರೆ ಬೇರೆಯವರನ್ನ ಇಟ್ಕೋತೀನಿ. ಭಾವಮೈದ ಅಂತ ನೋಡಲ್ಲ,” ಎಂದು ಭಾವ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು. ಐವತ್ತೆರಡನೇ ವಯಸ್ಸಿನಲ್ಲಿ ಬೇರೆ ಯಾವ ಕೆಲಸ ಹುಡುಕುವುದು?

ಹೊಲಿಗೆ ಅಂಗಡಿಯ ಯಜಮಾನಿ ಏನೋ ಕೇಳಿದಳು. ಆಕೆಯ ತುಟಿಗಳ ನಡುವೆ ಸಾಲಾಗಿ ಗುಂಡುಸೂಜಿಗಳು. ಸೂಜಿ ಬೀಳದ ಹಾಗೆ ಆಡುವ ಮಾತಿನಲ್ಲಿ ಒಂದಕ್ಷರವೂ ಅವನಿಗೆ ಸಿಗಲಿಲ್ಲ. “ಹೌದೌದು ಮೇಡಂ,” ಎಂದ. ಆಕೆ ಮತ್ತೆ ಕೇಳಿದಳು. “ಅದಕ್ಕೇನಂತೆ, ಒಂದ್ ವರ್ಷ ಗ್ಯಾರಂಟಿ ಇದೆ,” ಎಂದ. ಹೆಂಗಸರು ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕರು. ಅವನೂ ನಕ್ಕ.

ಯಜಮಾನಿ ನಗಲಿಲ್ಲ. ಸೂಜಿಗಳನ್ನು ಬಾಯಿಂದ ತೆಗೆದು ಒಂದೊಂದಾಗಿ ಮೆತ್ತೆಗೆ ಚುಚ್ಚಿದಳು. ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ, ಬೆನ್ನು ತಿರುಗಿಸಿ ಮಾತಾಡಿದಳು. ಆಮೇಲೆ ಫೋನನ್ನು ಅವನ ಮುಂದೆ ಚಾಚಿದಳು.

“ನಿಮ್ಮ ಯಜಮಾನ್ರು. ನಿಮಗೇ ಕೊಡ್ಬೇಕಂತೆ. ಆಗ್ಲಿಂದ ರೇಡಿಯೋ ತುಟಿಪಿಟಕ್ ಅಂದಿಲ್ಲ, ಯಾಕೆ ಅಂತ ಕೇಳಿದ್ರೆ ಗ್ಯಾರಂಟಿ ಅಂತೀರಿ!”

ಸೂಜಿಯಿಲ್ಲದ ತುಟಿಯಲ್ಲಿ ಪ್ರತಿ ಮಾತೂ ಸ್ಪಷ್ಟವಾಗಿತ್ತು. ಅವನು ರಿಸೀವರಿನ ಹಿಂದಕ್ಕೆ ಬಗ್ಗಿ ನೋಡಿದ. ಸ್ಪೀಕರಿನ ವೈರು ಸಿಕ್ಕಿಸದೆ ಹಾಗೇ ನೇತಾಡುತ್ತಿತ್ತು. ಬಾರದ ಹಾಡಿಗೆ ತಾನು ತಾಳ ಹಾಕಿದ್ದು ನೆನಪಾಗಿ ಅವನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಫೋನನ್ನು ಕಿವಿಗಿಟ್ಟುಕೊಂಡ. ಎಲ್ಲೋ ಆಳದಲ್ಲಿ ಗುಂಯ್‌ಗುಡುವ ಸದ್ದು, ಅಷ್ಟೇ. ಭಾವ ಕೂಗಾಡುತ್ತಿರಬೇಕು, ಪಕ್ಕದಲ್ಲಿದ್ದ ಯಜಮಾನಿ ಮುಖ ಕಿವುಚಿದ್ದರಿಂದ ಅದು ಗೊತ್ತಾಯಿತು. ಇಲ್ಲೂ ‘ಹೌದೌದು’ ಎನ್ನಬಹುದಿತ್ತು. ವೈರು ಮರೆತುಹೋಯಿತು ಎಂದು ಹಲ್ಲು ಗಿಂಜಿ ಪಾರಾಗಬಹುದಿತ್ತು. ಆದರೆ ಎರಡು ವರ್ಷದ ಹೌದೌದುಗಳಿಂದ ಅವನಿಗೆ ಸಾಕುಸಾಕಾಗಿತ್ತು.

“ಭಾವ,” ಎಂದ. ದನಿ ಎಷ್ಟು ಜೋರಾಯಿತೋ ಅವನಿಗೇ ತಿಳಿಯಲಿಲ್ಲ. “ನೀವು ಹೇಳ್ತಿರೋದು ನಂಗೆ ಕೇಳಿಸ್ತಿಲ್ಲ. ಎರಡು ವರ್ಷದಿಂದ ಏನೂ ಸರಿಯಾಗಿ ಕೇಳಿಸ್ತಿಲ್ಲ. ಅಕ್ಕನಿಗೂ ಹೇಳಿಲ್ಲ. ಫೋನ್ ಮೇಡಂಗೆ ಕೊಡ್ತೀನಿ. ನೀವು ಏನಂತೀರೋ ಅವ್ರು ನಂಗೆ ಹೇಳ್ತಾರೆ.”

ಯಜಮಾನಿ ತಬ್ಬಿಬ್ಬಾದಳು. ಆದರೂ ಫೋನ್ ಇಸಿದುಕೊಂಡು ಕಿವಿಗೆ ಹಿಡಿದಳು. ಅವನು ಆಕೆಯ ಬಾಯನ್ನೇ ನೋಡುತ್ತ ನಿಂತ. ತುಟಿ ಅಲುಗಲಿಲ್ಲ.

“ಏನಂತಾರೆ?”

“ಏನೂ ಅಂತಿಲ್ಲ.” ಆಕೆ ಅವನ ಕಡೆಗೆ ಪೂರ್ತಿ ತಿರುಗಿ ಬಿಡಿಸಿ ಬಿಡಿಸಿ ಹೇಳಿದಳು. “ಲೈನಲ್ಲೇ ಇದ್ದಾರೆ. ಉಸಿರು ಕೇಳಿಸ್ತಿದೆ.”

ಈಗ ಯಾರೂ ನಗುತ್ತಿರಲಿಲ್ಲ. ಹೆಂಗಸರಲ್ಲೊಬ್ಬಳು ಕೈಯಲ್ಲಿದ್ದ ಕತ್ತರಿಯನ್ನು ಸದ್ದಾಗದ ಹಾಗೆ ಕೆಳಗಿಟ್ಟಳು.

“ಯಾವ ಕಿವಿ ಅಂತ ಕೇಳ್ತಿದಾರೆ,” ಎಂದಳು ಯಜಮಾನಿ.

ಅವನು ಎರಡೂ ಕೈ ಎತ್ತಿ ಎರಡೂ ಕಿವಿ ಹಿಡಿದುಕೊಂಡು ತೋರಿಸಿದ. “ಎರಡೂ,” ಎಂದು ಆಕೆ ಫೋನಿನಲ್ಲಿ ಹೇಳಿದ ಮೇಲೂ ಕೈ ಇಳಿಸಲಿಲ್ಲ.