ಹಳೆಯ ಪ್ರೊಸೆಸರ್‌ನವರು

ಗಾಜಿನ ಜಾಡಿಯೊಳಕ್ಕೆ ಅನಿಲ ಬಿಟ್ಟಾಗಿತ್ತು. ಹಳೆಯ ಪೆಟ್ಟಿಗೆ ಕೂಗಲಿಲ್ಲ. ಅದರ ಹಸಿರು ದೀಪ ಏನೂ ಆಗಿಲ್ಲವೆಂಬಂತೆ ಉರಿಯುತ್ತಲೇ ಇತ್ತು. ಪಕ್ಕದ ಜಾಡಿಯಲ್ಲಿದ್ದ ಹೊಸ ಪೆಟ್ಟಿಗೆ ಮಾತ್ರ ಕಿವಿ ಹರಿಯುವಂತೆ ಕಿರುಚಿಕೊಳ್ಳುತ್ತಿತ್ತು.

ಒಳಚರಂಡಿಗೆ ಇಳಿಯುವವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೆಟ್ಟಿಗೆ ಅದು. ವಿಷದ ಗಾಳಿ ಸುಳಿದರೆ ಕೂಗಬೇಕು, ಅಷ್ಟೇ. ಅದರೊಳಗಿನ ಕೋಡ್ ಬರೆಯುವುದು ಅವಳ ಕೆಲಸ. ಹೊಸ ಪೆಟ್ಟಿಗೆಗಳು ಮೇಲೆ ನಿಂತು ನೋಡುವವರ ಸೊಂಟ ಸೇರುತ್ತಿದ್ದವು, ಹಳೆಯವು ಕೆಳಗಿಳಿಯುವವರದ್ದು. ಹಾಗೆಂದು ಯಾರೂ ಆದೇಶ ಹೊರಡಿಸಿರಲಿಲ್ಲ. ಆದೇಶದ ಅಗತ್ಯವೇ ಬಿದ್ದಿರಲಿಲ್ಲ.

ಹೋದ ವಾರ ಮ್ಯಾನೇಜರ್, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಕೊಡುವ ಆಯ್ಕೆಗಳಲ್ಲಿ ಒಂದು ಸಾಲು ಸೇರಿಸಲು ಹೇಳಿದ್ದ: ಹೊಸ ಪ್ರೊಸೆಸರ್‌ಗೆಂದೇ ಕೋಡನ್ನು ಹೆಣೆ. ದಶಾಂಶದ ಲೆಕ್ಕವನ್ನು ಹೊಸದು ಒಂದೇ ಏಟಿಗೆ ಮುಗಿಸುತ್ತದೆ. ಹಳೆಯದಕ್ಕೆ ಆ ಅಪ್ಪಣೆಯ ಭಾಷೆಯೇ ತಿಳಿಯದು, ಕೇಳಿದ ಕೂಡಲೇ ಕಲ್ಲಾಗುತ್ತದೆ, ದೀಪ ಮಾತ್ರ ಉರಿಯುತ್ತಿರುತ್ತದೆ.

"ಎರಡಕ್ಕೂ ಬೇರೆ ಬೇರೆ ಕಂಪೈಲ್ ಮಾಡೋಣ ಸಾರ್" ಎಂದಿದ್ದಳು.

"ಎರಡು ಸಲ ಕಂಪೈಲ್ ಮಾಡಿದ್ರೆ ಎರಡು ಸಲ ಪರೀಕ್ಷೆ. ನಿಮ್ಮ ಮನೆಯವರು ಬಂದು ಮಾಡ್ತಾರಾ?"

ಪರೀಕ್ಷೆ ಮಾಡುವವರು ಹಳೆಯದನ್ನು ಮೇಜಿನ ಮೇಲಿಟ್ಟು, ಒಳ್ಳೆಯ ಗಾಳಿಯಲ್ಲಿ ನೋಡಿ, ಸರಿಯಿದೆ ಎಂದುಬಿಟ್ಟಿದ್ದರು. ಒಳ್ಳೆಯ ಗಾಳಿಯಲ್ಲಿ ಆ ಲೆಕ್ಕದ ಗೊಡವೆಯೇ ಇಲ್ಲ. ಅನಿಲ ಸುಳಿದಾಗಲೇ ಅದು ಶುರುವಾಗುವುದು, ಆಗಲೇ ಪೆಟ್ಟಿಗೆ ಸಾಯುವುದು. ಚಾರ್ಜಿಗೆ ಹಾಕಿದಾಗ ಪೆಟ್ಟಿಗೆಗಳು ತಾವಾಗಿಯೇ ಹೊಸ ಕೋಡ್ ಇಳಿಸಿಕೊಳ್ಳುತ್ತವೆ; ಈ ಬೆಳಿಗ್ಗೆ ಚಾರ್ಜಿಗೆ ಹಾಕಿದ್ದವಕ್ಕೆಲ್ಲ ಅದು ಹೋಗಿಬಿಟ್ಟಿತ್ತು.

ಅವಳು ಫೋನ್ ತೆಗೆದಳು. ಅಕ್ಕನ ಗಂಡ ಚರಂಡಿ ತಂಡದವನು.

"ಭಾವ, ಎಲ್ಲಿದ್ದೀರಿ?"

"ಎಲ್ಲಿರ್ತೀನಿ, ಅರಮನೇಲಿ. ಮುಚ್ಚಳ ತೆಗೆದು ದರ್ಬಾರು ನಡೆಸ್ತಿದ್ದೀವಿ."

"ಪೆಟ್ಟಿಗೆ ಬೆಳಿಗ್ಗೆ ಚಾರ್ಜಿಗೆ ಹಾಕಿದ್ರಾ?"

"ಹಾಕದೆ ಇರ್ತೀವಾ? ಎಲ್ಲಾ ಹಸಿರು ತೋರಿಸ್ತಿದೆ."

"ಅದನ್ನ ನಂಬಬೇಡಿ. ಯಾರೂ ಇಳೀಬೇಡಿ."



"ನಮ್ಮ ಕುಳ್ಳ ಆಗಲೇ ಇಳಿದಾಯ್ತಲ್ಲಮ್ಮ."

"ಎಳೀರಿ ಭಾವ. ಹಗ್ಗ ಎಳೀರಿ."

ಫೋನ್ ಎಲ್ಲೋ ನೆಲಕ್ಕೆ ಬಿದ್ದ ಸದ್ದು. ಯಾರದೋ ಏದುಸಿರು. "ಬಿಡಬೇಡ್ರೋ, ಎಳೀರಿ." ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಳು. ಬಾಗಿಲಲ್ಲಿ ಮ್ಯಾನೇಜರ್ ಕಾಣಿಸಿಕೊಂಡ. ಹೊಸ ಪೆಟ್ಟಿಗೆ ಕೊಳ್ಳಲು ಬಂದವರು ಪಕ್ಕದ ಕೋಣೆಯಲ್ಲಿದ್ದಾರೆಂದು ಕೈಸನ್ನೆ ಮಾಡಿದ. ಅವಳು ಬೆನ್ನು ತಿರುಗಿಸಿದಳು.

ಕೊನೆಗೆ ಒಂದು ಕೆಮ್ಮು, ಅದರ ಹಿಂದೆಯೇ ಕುಳ್ಳನ ಗೊಗ್ಗರು ದನಿ. "ಯಾಕ್ರೋ ಎಳೆದ್ರಿ? ಇನ್ನೂ ಅರ್ಧ ಬಕೆಟ್ಟೂ ತುಂಬಿಲ್ಲ."

"ತಲೆ ಸುತ್ತುತ್ತಿತ್ತೇನೋ?" ಭಾವನ ದನಿ.

"ಒಂಚೂರು. ಬೆಳಿಗ್ಗೆ ಏನೂ ತಿಂದಿರ್ಲಿಲ್ಲ, ಅದಕ್ಕೇ ಅನ್ಕೊಂಡೆ."

ಭಾವ ಫೋನ್ ಎತ್ತಿಕೊಂಡ. "ಇವನ ಪೆಟ್ಟಿಗೆ ಈಗಲೂ ಹಸಿರೇ ಕಣಮ್ಮ" ಎಂದ, ಮೆಲ್ಲಗೆ.

ಅವಳು ಕುರ್ಚಿಗೆ ಬಂದು ಕುಳಿತು ಆಯ್ಕೆಗಳ ಕಡತ ತೆರೆದಳು. ಮ್ಯಾನೇಜರ್ ಹಿಂದೆ ಬಂದು ನಿಂತ.

"ಏನ್ ಮಾಡ್ತಿದ್ದೀರಿ?"

"ಹಳೇ ಪ್ರೊಸೆಸರ್‌ಗೆ ಕಂಪೈಲ್ ಮಾಡ್ತೀನಿ. ಎರಡು ಪೆಟ್ಟಿಗೇಲೂ ಓಡುತ್ತೆ."

"ಹೊಸದು ನಿಧಾನ ಆಗುತ್ತೆ. ಒಂದೇ ಸೆಕೆಂಡಲ್ಲಿ ಕೂಗುತ್ತೆ ಅಂತ ಕೊಳ್ಳೋಕೆ ಬಂದವರಿಗೆ ಮಾತು ಕೊಟ್ಟಿದ್ದೀನಿ. ಇನ್ನೇನು ಜಾಡಿಗೆ ಇಡ್ತಾರೆ. ಸಂಜೆವರೆಗೆ ತಡೀರಿ. ನಿಮ್ಮ ಭಾವನಿಗೆ ಹೇಳಾಯ್ತಲ್ಲ."

"ಭಾವನಿಗೆ ಹೇಳ್ದೆ ಸಾರ್. ಉಳಿದವರಿಗೆ ಯಾರು ಹೇಳ್ತಾರೆ? ಎಲ್ಲರಿಗೂ ನಾನು ನಾದಿನೀನಾ?"

ಮ್ಯಾನೇಜರ್ ದನಿ ತಗ್ಗಿಸಿದ. "ಆ ಸಾಲು ಮುಟ್ಟಿದ್ರೆ ನಾಳೆ ಬರೋದು ಬೇಡ" ಎಂದು ಪಕ್ಕದ ಕೋಣೆಗೆ ಹೊರಟುಹೋದ.

ಮನೆ ಬಾಡಿಗೆ, ಅಮ್ಮನ ಮಾತ್ರೆ, ಇನ್ನೂ ಏನೇನೋ ತಲೆಯಲ್ಲಿ ಹಾದುಹೋದವು. ಬೆರಳು ಕೀಲಿಯ ಮೇಲೆ ನಿಂತಿತು. ಆಮೇಲೆ ಅವಳು ಆ ಸಾಲನ್ನು ಅಳಿಸಿ, ಹಳೆಯ ಪ್ರೊಸೆಸರ್‌ನ ಹೆಸರು ಬರೆದು ಕಂಪೈಲ್ ಒತ್ತಿದಳು. ಪರದೆಯ ಮೇಲೆ ಕಡತಗಳ ಹೆಸರು ಒಂದೊಂದಾಗಿ ಸರಿದವು. ಹಳೆಯ ಪೆಟ್ಟಿಗೆಗೆ ತುಂಬಿ, ಜಾಡಿಗಿಟ್ಟು, ಅನಿಲ ಬಿಟ್ಟಳು. ಕಾದಳು. ಅದು ಕೂಗಿತು. ಕೂಗುತ್ತಿರುವಾಗಲೇ ಕೋಡನ್ನು ಎಲ್ಲೆಡೆಗೂ ಕಳಿಸಿ, ಭಾವನಿಗೆ, ಅವನ ಮೂಲಕ ಉಳಿದ ತಂಡಗಳಿಗೂ, ಪೆಟ್ಟಿಗೆಗಳನ್ನು ಮತ್ತೆ ಚಾರ್ಜಿಗೆ ಹಾಕಲು ಹೇಳಿ ಎದ್ದಳು.

ಪಕ್ಕದ ಕೋಣೆಯ ಹೊಸ ಪೆಟ್ಟಿಗೆಗೂ ಅದೇ ಕೋಡ್ ತಲುಪಿತ್ತು. ಅವಳು ಕಾರಿಡಾರು ದಾಟುವಾಗ ಒಳಗೆ ಅನಿಲ ಬಿಟ್ಟು ಎಲ್ಲರೂ ಕಾಯುತ್ತಿದ್ದರು. ಒಬ್ಬರು ಗಂಟಲು ಸರಿಮಾಡಿಕೊಂಡರು. ಮಾತು ಕೊಟ್ಟ ಒಂದು ಸೆಕೆಂಡು ದಾಟಿದ ಮೇಲೆ ಪೆಟ್ಟಿಗೆ ಕೂಗಿತು. ಆಮೇಲೆ ಯಾರೋ ನಕ್ಕರು.

ಅವಳು ಹೋದಾಗ ಭಾವನ ತಂಡದವರು ರಸ್ತೆಯಂಚಿನಲ್ಲಿ ಸಾಲಾಗಿ ಕುಳಿತಿದ್ದರು. ಪೆಟ್ಟಿಗೆಗಳು ವ್ಯಾನಿನಲ್ಲಿ ಚಾರ್ಜಾಗುತ್ತಿದ್ದವು. ಮೇಸ್ತ್ರಿ ಅತ್ತಿಂದಿತ್ತ ಓಡಾಡುತ್ತಿದ್ದ. "ಇಳೀತೀರೋ, ಬೇರೆಯವರನ್ನ ಕರೆಸ್ಲೋ?"

"ಕರೆಸು. ಅವರಿಗೂ ಕೂರೋಕೆ ಜಾಗ ಇದೆ" ಎಂದ ಕುಳ್ಳ.

ಭಾವ ಸರಿದುಕೊಂಡ. ಅವಳು ಚಪ್ಪಲಿ ಬಿಟ್ಟು ಅವರ ಪಕ್ಕ ಕುಳಿತಳು.  ಮಧ್ಯಾಹ್ನದ ಬಿಸಿಲು ತೆರೆದ ಗುಂಡಿಯೊಳಕ್ಕೆ ಓರೆಯಾಗಿ ಇಳಿದು, ಏಣಿಯ ಮೇಲಿನ ಕೆಲವು ಮೆಟ್ಟಿಲುಗಳನ್ನಷ್ಟೇ ಬೆಳಗುತ್ತಿತ್ತು. ಎಲ್ಲರೂ ಆ ಬೆಳಕಿನ ಕೆಳಗಿನ ಕತ್ತಲೆಯತ್ತ ನೋಡುತ್ತಿದ್ದರು.