ಬರೀ ಪೆಟ್ರೋಲು

ಹಿರಿಯೂರಿನ ಹನುಮೇಶ ನನ್ನ ಗಾಡಿಯನ್ನು ಕಟ್ಟಲು ಹದಿನಾಲ್ಕು ತಿಂಗಳು ತೆಗೆದುಕೊಂಡ. ಅದನ್ನು ನಾನು ಕೆಡಿಸಿದ್ದು ಒಂದು ಭಾನುವಾರದ ಬೆಳಿಗ್ಗೆ, ಹೊಳಲ್ಕೆರೆಯಿಂದ ಭರಮಸಾಗರಕ್ಕೆ ಹೋಗುವ ದಾರಿಯಲ್ಲಿ.

ನನಗೀಗ ಐವತ್ತೆರಡು. ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಶಿವಗಂಗಾ ಎಂದು ಕೇಳಿದರೆ ಊರಿನಲ್ಲಿ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಗಾಡಿ ಟೀಚರ್ ಎಂದರೆ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವವಳೂ ಮನೆ ತೋರಿಸುತ್ತಾಳೆ. ಹದಿನಾರನೆಯ ವಯಸ್ಸಿನಲ್ಲಿ ಹೊಳಲ್ಕೆರೆಯ ನಮ್ಮ ಮನೆಯ ಹಿಂದಿನ ಕಣದಲ್ಲಿ ಅಪ್ಪನ ರಾಜದೂತ್ ಬೈಕು ಓಡಿಸಲು ಕಲಿತೆ. ಅಣ್ಣ ಇದ್ದ, ಅವನಿಗೆ ಗಾಡಿಯ ಸದ್ದೆಂದರೆ ಭಯ. ಕೆಲಸ ಸಿಕ್ಕ ವರ್ಷ ಒಂದು ಹಳೆಯ ಯೆಜ್ಡಿ ತೆಗೆದುಕೊಂಡೆ. ಆಮೇಲೆ ಇಪ್ಪತ್ತೆರಡು ವರ್ಷ ಒಂದೇ ಆರ್‌ಎಕ್ಸ್. ಎಲ್ಲವೂ ಟೂ ಸ್ಟ್ರೋಕ್ ಗಾಡಿಗಳೇ. ದೂರದಿಂದಲೇ ಸದ್ದು ಕೇಳಿ ಮಕ್ಕಳು ಆಟ ನಿಲ್ಲಿಸಿ ಸಾಲಾಗಿ ನಿಲ್ಲುತ್ತಿದ್ದರು. ಸ್ಟಾಫ್ ರೂಮಿನ ಗಂಡಸರು ತಮ್ಮ ಗಾಡಿ ಕೆಮ್ಮಿದರೆ ನನ್ನನ್ನು ಕೇಳುತ್ತಿದ್ದರು. ಮನೆಯಲ್ಲಿ ನಾನು ಹೆಂಡತಿ, ಸೊಸೆ, ಅತ್ತಿಗೆ. ನಾನೇ ನಾನಾಗಿ ಸಂಪಾದಿಸಿದ್ದು ಅದೊಂದೇ, ಗಾಡಿ ಗೊತ್ತಿರುವ ಹೆಂಗಸು ಎನ್ನುವ ಹೆಸರು.

ಆರ್‌ಎಕ್ಸ್ ಪೂರ್ತಿ ಸವೆದಾಗ ಗಂಡ ರಾಜಶೇಖರ್ ಶೋರೂಮಿನ ಸ್ಕೂಟರ್ ತೋರಿಸಿದರು. ನಾನು ಹನುಮೇಶನ ಹತ್ತಿರ ಹೋದೆ. ಅವನು ಧರ್ಮಪುರದ ಕಡೆಯವನು. ಅವರಪ್ಪ ಮಾರಪ್ಪ ಬೇರೆಯವರ ಶೇಂಗಾ ಹೊಲದಲ್ಲಿ ಕೂಲಿ ಮಾಡಿ ಇವನನ್ನು ಐಟಿಐ ಓದಿಸಿದ್ದ. ಹಿರಿಯೂರಿನಲ್ಲಿ ತಗಡಿನ ಶೆಡ್ ಹಾಕಿಕೊಂಡು, ಹಳೆಯ ಟೂ ಸ್ಟ್ರೋಕ್ ಗಾಡಿಗಳನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದ. ನನ್ನ ಆರ್‌ಎಕ್ಸಿನಲ್ಲಿ ಉಳಿಸಿಕೊಂಡದ್ದು ಚಾಸಿ ಮತ್ತು ನಂಬರು ಮಾತ್ರ. ಎಂಜಿನ್ನಿನ ಒಳಗಿದ್ದುದೆಲ್ಲ ಹೊಸದು, ಮುಂದೆ ಡಿಸ್ಕ್ ಬ್ರೇಕು, ಸೈಲೆನ್ಸರನ್ನು ತಾನೇ ತಗಡು ಕತ್ತರಿಸಿ ಬೆಸೆದಿದ್ದ.

ಹಳೆಯ ಗಾಡಿಗಳು ಏರು ಬಂದರೆ ನನ್ನನ್ನು ಕೇಳುತ್ತಿದ್ದವು: ಗೇರು ಇಳಿಸುತ್ತೀಯಾ, ಇಲ್ಲವಾ? ಇದು ಏನನ್ನೂ ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಹೋಗಿ, ಒಂದು ಹಂತ ದಾಟಿದ ಕೂಡಲೇ ಬೆನ್ನಿಗೆ ಕೈಕೊಟ್ಟು ತಳ್ಳಿದಂತೆ ಮುಂದಕ್ಕೆ ನುಗ್ಗುತ್ತಿತ್ತು. ಅಂಗೈಗೆ ನಡುಕ ತಾಗುತ್ತಿರಲಿಲ್ಲ. ಮೊದಲ ದಿನ ಇಳಿದಾಗ ಸಂತೋಷದ ಜೊತೆ ಸಣ್ಣ ಅಳುಕೂ ಆಯಿತು. ಇದಕ್ಕೆ ನನ್ನ ಅನುಭವ ಬೇಕಾಗಿರಲಿಲ್ಲ. ಆ ಅಳುಕನ್ನು ನಾನು ಯಾರಿಗೂ ತೋರಿಸಲಿಲ್ಲ.

ಗಾಡಿ ಕೊಡುವಾಗ ಹನುಮೇಶ ಹೇಳಿದ್ದ, "ಅಕ್ಕಾ, ಇದ್ರ ಆಯಿಲ್ ಪಂಪ್ ತೆಗ್ದೀನಿ. ಪೆಟ್ರೋಲ್ ಹಾಕ್ಸಿದಾಗೆಲ್ಲ ಲೀಟರಿಗೆ ನಲವತ್ತು ಎಮ್ಮೆಲ್ ನೀವೇ ಬೆರಸ್ಬೇಕು. ಮರೀಬ್ಯಾಡ್ರಿ."

"ನೀನು ಹುಟ್ಟೋಕೆ ಮುಂಚೆ ಯೆಜ್ಡಿಗೆ ಬೆರಸಿದೀನಿ ಕಣಪ್ಪಾ. ನನಗೇ ಪಾಠ ಹೇಳ್ತೀಯಾ?"

"ಟೀಚರಿಗೆ ಪಾಠ ಹೇಳೋ ಚಾನ್ಸ್ ದಿನಾ ಸಿಗ್ತೈತೇನ್ರಿ?" ಎಂದು ನಕ್ಕ. "ಟ್ಯಾಂಕ್ ಮುಚ್ಚಳದ ಮೇಲೆ ಬರ್ದು ಅಂಟಿಸ್ಲಾ?"

"ಅಂಟಿಸಿ ಅಂದ ಕೆಡಿಸ್ಬ್ಯಾಡ ಸುಮ್ನಿರು."

ಇಂಥ ಎಂಜಿನ್ನಿಗೆ ಬೇರೆ ಗಾಡಿಗಳಂತೆ ಒಳಗೆ ನಿಂತ ಎಣ್ಣೆ ಇರುವುದಿಲ್ಲ. ಪೆಟ್ರೋಲಿನ ಜೊತೆ ಹೋದ ಎಣ್ಣೆಯೇ ಅದರ ಉಸಿರು. ಅದಿಲ್ಲದೆ ಓಡಿಸಿದರೆ ಪಿಸ್ಟನ್ ಒಣಗಿ, ಕಾದು, ಕಚ್ಚಿಕೊಳ್ಳುತ್ತದೆ. ಯೆಜ್ಡಿಗೂ ಬೆರೆಸಬೇಕಿತ್ತು, ನಿಜ. ಆರ್‌ಎಕ್ಸಿನಲ್ಲಿ ಎಣ್ಣೆಗೆ ಬೇರೆ ಡಬ್ಬಿ ಇತ್ತು, ತಿಂಗಳಿಗೊಮ್ಮೆ ತುಂಬಿದರೆ ಸಾಕು. ಇಪ್ಪತ್ತೆರಡು ವರ್ಷದಲ್ಲಿ ಕೈ ಆ ಅಭ್ಯಾಸವನ್ನೇ ಮರೆತಿತ್ತು.

ಆ ಭಾನುವಾರ ಭರಮಸಾಗರದ ಕೆರೆ ಏರಿಯ ಮೇಲೆ ಟೂ ಸ್ಟ್ರೋಕ್ ಗಾಡಿಯವರೆಲ್ಲ ಸೇರುವುದಿತ್ತು. ಹೊಳಲ್ಕೆರೆ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದೆ. ಎಣ್ಣೆಯ ಬಾಟಲಿಗಾಗಿ ಬ್ಯಾಗಿನ ಜಿಪ್ ಎಳೆಯುತ್ತಿದ್ದೆ. ಸ್ಕೂಟಿಯಲ್ಲಿ ಬಂದ ಇಬ್ಬರು ಕಾಲೇಜು ಹುಡುಗಿಯರು, "ಆಂಟಿ, ಇದು ನಿಮ್ದೇನಾ? ಒಂದು ಫೋಟೋ!" ಎಂದರು. ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡು ನಿಂತೆ. ಎಷ್ಟು ಸಿಸಿ, ಎಷ್ಟು ಸ್ಪೀಡು, ಎಲ್ಲ ಹೇಳಿದೆ. ಅವರು ನೋಡುತ್ತಿರುವಾಗಲೇ ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ಹೊರಟೆ.

ಚಿತ್ರದುರ್ಗ ದಾಟಿ ಹೈವೇ ಹಿಡಿದ ಮೇಲೆ ಸದ್ದು ಬದಲಾಯಿತು. ಹಿಂದಿನ ಚಕ್ರ ಹಠಾತ್ತನೆ ಬಿಗಿಯಿತು. ಕ್ಲಚ್ ಹಿಡಿದು ಪಕ್ಕಕ್ಕೆ ತಂದೆ. ಅಭ್ಯಾಸಬಲದಿಂದ ಬಗ್ಗಿ ಟ್ಯಾಂಕಿನ ಕೆಳಗಿನ ಪೆಟ್ರೋಲಿನ ಕೀಲಿ ತಿರುಗಿಸಿ ಮುಚ್ಚಿದೆ. ಕಾದ ಲೋಹದ ವಾಸನೆ ಮೂಗಿಗೆ ಬಡಿದಾಗ ಬ್ಯಾಗಿನಲ್ಲಿರುವ ಬಾಟಲಿ ನೆನಪಾಯಿತು.

ದಯಾನಂದನಿಗೆ ಫೋನ್ ಮಾಡಿದೆ. ಅವನು ಭರಮಸಾಗರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು, ಈ ಗುಂಪಿಗೆಲ್ಲ ಮುಂದಾಳು. ನನ್ನ ಗಾಡಿ ನೋಡಿ ತನ್ನದನ್ನೂ ಹನುಮೇಶನ ಶೆಡ್ಡಿಗೆ ಕೊಟ್ಟಿದ್ದ. ಅವನ ಮಾತು ಕೇಳಿ ಸಿರಿಗೆರೆಯ ಇಬ್ಬರು ಕೊಡುವವರಿದ್ದರು. "ಅಲ್ಲೇ ಇರ್ರಿ ಮೇಡಂ, ಪಿಕಪ್ ತರ್ತೀನಿ," ಎಂದ.

ಅವನು ಬರಲು ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ನಾನು ಬಾಟಲಿಯ ಸೀಲ್ ಒಡೆದು, ಅತ್ತಿತ್ತ ನೋಡಿ, ಎಣ್ಣೆಯನ್ನು ಟ್ಯಾಂಕಿಗೆ ಸುರಿದೆ. ಹಸಿರು ಎಣ್ಣೆ ಪೆಟ್ರೋಲಿನಲ್ಲಿ ಕರಗುವವರೆಗೆ ಗಾಡಿಯನ್ನು ಅಲುಗಾಡಿಸಿದೆ. ಖಾಲಿ ಬಾಟಲಿಯನ್ನು ಬ್ಯಾಗಿನಲ್ಲಿ ಮೇಲೆಯೇ ಕಾಣುವಂತೆ ಇಟ್ಟೆ.

"ಆಯಿಲ್ ಹಾಕಿದ್ರಾ?" ದಯಾನಂದ ಇಳಿಯುತ್ತಲೇ ಕೇಳಿದ.

"ಹಾಕ್ದೇ ಇರ್ತೀನಾ? ಏನು ಮಾತು ಅಂತ ಆಡ್ತೀರಿ?"

"ನಿಮ್ಮನ್ನ ಕೇಳಿದ್ದೇ ತಪ್ಪು ಬಿಡ್ರಿ." ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ. "ಹಂಗಾದ್ರೆ ಹನುಮೇಶಂದೇ ಏನೋ ಎಡವಟ್ಟು."

ನಾನು ಇಲ್ಲವೆನ್ನಲಿಲ್ಲ.

ಮಂಗಳವಾರ ಗಾಡಿಯನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹಿರಿಯೂರಿನ ಶೆಡ್ಡಿಗೆ ಹೋದೆವು. ರಾಜಶೇಖರ್ ರಜೆ ಹಾಕಿಕೊಂಡೇ ಬಂದರು; ದಯಾನಂದನೂ ಬಂದ. ಹನುಮೇಶ ಎಂಜಿನ್ನಿನ ಹೆಡ್ ಬಿಚ್ಚಿ ಪಿಸ್ಟನ್ ಹೊರತೆಗೆದ. ಪಿಸ್ಟನ್ನಿನ ಮೈತುಂಬ ಉಗುರಿನಿಂದ ಗೀರಿದ ಹಾಗೆ ಗೆರೆಗಳು. ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಿಟ್ಟುಕೊಂಡ. ಹಸಿರಾಗಿತ್ತು. ದಯಾನಂದ, "ನೋಡಪ್ಪ, ಆಯಿಲ್ ಐತೆ," ಎಂದ. ಹನುಮೇಶ ತಲೆಯಾಡಿಸಿ ಕಾರ್ಬೊರೇಟರ್ ಬಿಚ್ಚಿದ. ಅದರ ತಳದ ಬಟ್ಟಲಿನಲ್ಲಿ ಎರಡು ಚಮಚೆಯಷ್ಟು ಪೆಟ್ರೋಲು ನಿಂತಿತ್ತು. ಗಾಡಿ ನಿಂತಾಗ ಎಂಜಿನ್ ಕುಡಿಯುತ್ತಿದ್ದುದು ಅದನ್ನೇ. ಕೀಲಿ ಮುಚ್ಚಿದ್ದರಿಂದ ನಾನು ಆಮೇಲೆ ಸುರಿದ ಎಣ್ಣೆ ಅಲ್ಲಿಗೆ ಇಳಿದಿರಲಿಲ್ಲ. ಅದನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿದ. ಹಸಿರಿನ ಸುಳಿವೂ ಇರಲಿಲ್ಲ. ಬರೀ ಪೆಟ್ರೋಲು.

ಎರಡೂ ಲೋಟಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ಗೋಡೆಯ ಮೇಲಿದ್ದ ಸ್ಪ್ಯಾನರ್‌ಗಳನ್ನು ನೋಡುತ್ತಾ ನಿಂತೆ.

ರಾಜಶೇಖರ್ ಶುರುಮಾಡಿದರು, "ನಾನು ಮೊದ್ಲೇ ಬಡ್ಕಂಡೆ. ಶೋರೂಮಿನ ಗಾಡಿ ತಗಳೇ ಅಂದ್ರೆ, ಕೂಲಿ ಮಾಡೋರ ಮಕ್ಕಳ ಕೈಗೆ ಕೊಟ್ಟು ಕುಂತ್ಲು. ಹೊಲ ಅಗೆಯೋ ಕೈಗೆ ಎಂಜಿನ್ ಏನು ತಿಳೀತೈತೆ?"

ಹನುಮೇಶ ಎರಡೂ ಲೋಟಗಳನ್ನು ಎತ್ತಿಕೊಂಡು ಹೋಗಿ ಒಂದೇ ಡಬ್ಬಕ್ಕೆ ಸುರಿದು ಬಂದ. "ಪಿಸ್ಟನ್ ಟೈಟ್ ಕೂರ್ಸಿರ್ಬೇಕು ಸರ್, ನಂದೇ ತಪ್ಪು. ಮೇಡಂ, ಬಿಟ್ಟು ಹೋಗ್ರಿ, ಮಾಡಿಕೊಡ್ತೀನಿ."

ಬಾಯಿ ತೆರೆಯಲು ಎಷ್ಟು ಹೊತ್ತು ಬೇಕು? ಮರೆತೆ ಎನ್ನುವುದು ಒಂದು ಮಾತು. ಆದರೆ ಆ ಮಾತಿನ ಹಿಂದೆ ಗಂಡಸರ ನಗು ನನಗೆ ಆಗಲೇ ಕೇಳಿಸುತ್ತಿತ್ತು: ಎಷ್ಟಾದ್ರೂ ಹೆಂಗ್ಸು, ಎಣ್ಣೆ ಹಾಕೋದು ಮರ್ತೌಳೆ. ಮೂವತ್ತಾರು ವರ್ಷ ಆ ನಗುವಿನಿಂದ ತಪ್ಪಿಸಿಕೊಂಡು ಬಂದವಳು, ಅವತ್ತು ಅದಕ್ಕೆ ಹನುಮೇಶನನ್ನು ಮುಂದೆ ತಳ್ಳಿ ಹಿಂದೆ ನಿಂತೆ.

"ನಂದು ಬಿಚ್ಚಬ್ಯಾಡಪ್ಪ," ಎಂದ ದಯಾನಂದ ಹೊರಡುವಾಗ. "ಭಾನುವಾರ ಬಂದು ಒಯ್ತೀನಿ."

ಮೂರು ದಿನ ಕಳೆದವು. ಸಿರಿಗೆರೆಯವರೂ ಕೊಡುವುದಿಲ್ಲವೆಂದರಂತೆ. ಎಂಟನೇ ತರಗತಿಗೆ ಘರ್ಷಣೆಯ ಪಾಠ ಬಂತು. ಎಣ್ಣೆ ಯಾಕೆ ಬೇಕು ಎಂದು ಮಕ್ಕಳನ್ನು ಕೇಳಬೇಕಾದ ಜಾಗಕ್ಕೆ ಬಂದು, ಪುಸ್ತಕ ಮುಚ್ಚಿ, ನೀವೇ ಓದಿಕೊಳ್ಳಿ ಎಂದು ಕೂತೆ.

ಶುಕ್ರವಾರ ರಾಜಶೇಖರ್‌ಗೆ ಹೇಳಿದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತಿದರು. "ಹೋಗ್ಲಿ ಬಿಡು. ಅವನೇ ಒಪ್ಕಂಡ ಮೇಲೆ ನಿಂದೇನು? ಈಗ ಹೇಳಿ ನನ್ನ ಮುಖಕ್ಕೂ ಮಸಿ ಬಳೀಬ್ಯಾಡ." ಅಷ್ಟು ಹೇಳಿ ಸಾರು ಕೇಳಿದರು.

ದಯಾನಂದನಿಗೆ ಫೋನ್ ಮಾಡಿದೆ. "ಎಣ್ಣೆ ನಾನು ಹಾಕಿರಲಿಲ್ಲ. ಹನುಮೇಶನ ತಪ್ಪಿಲ್ಲ."

ಅವನು ಗೌರವದಿಂದಲೇ ನಕ್ಕ. "ನಿಮ್ಮ ಮನಸ್ಸು ದೊಡ್ಡದು ಮೇಡಂ. ಬಡವರ ಹುಡುಗ ಅಂತ ಹಿಂಗೆ ಹೇಳ್ತಿದೀರಿ. ನಾನೇ ಟ್ಯಾಂಕ್ ನೋಡಿಲ್ವಾ?"

ನನ್ನ ಸುಳ್ಳನ್ನು ಅವನು ಒಂದೇ ಮಾತಿಗೆ ನಂಬಿದ್ದ. ನಿಜವನ್ನು ನಂಬಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ದೊಡ್ಡ ಮನಸ್ಸು ಎಂದಾಗ ಒಂದು ಕ್ಷಣ ನನಗೆ ಹಿತವಾಯಿತು. ಇಷ್ಟು ಹೇಳಿದೆನಲ್ಲ, ನಂಬದಿದ್ದರೆ ನಾನೇನು ಮಾಡಲಿ ಎಂದು ಫೋನ್ ಇಟ್ಟೆ. ಆ ರಾತ್ರಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ದಯಾನಂದ ಗಾಡಿ ಒಯ್ಯುವ ಭಾನುವಾರ ಬಸ್ ಹತ್ತಿ ಹಿರಿಯೂರಿಗೆ ಹೋದೆ. ಶೆಡ್ಡಿನ ಮುಂದೆ ಗೂಡ್ಸ್ ಆಟೋ ನಿಂತಿತ್ತು. ಹನುಮೇಶನೇ ಹಿಂದಿನಿಂದ ತಳ್ಳಿ ದಯಾನಂದನ ಗಾಡಿಯನ್ನು ಹತ್ತಿಸುತ್ತಿದ್ದ. ನಿಂತಲ್ಲೇ ಎಲ್ಲ ಹೇಳಿದೆ: ಹೊಳಲ್ಕೆರೆ ಬಂಕು, ಹುಡುಗಿಯರು, ಫೋಟೋ. ರಸ್ತೆ ಬದಿಯಲ್ಲಿ ಆಮೇಲೆ ಸುರಿದದ್ದು. ಕಾರ್ಬೊರೇಟರಿನಲ್ಲಿ ಉಳಿದ ಬರೀ ಪೆಟ್ರೋಲು.

ದಯಾನಂದ ಈ ಸಲ ನಗಲಿಲ್ಲ. "ಹೌದೇನೋ?" ಎಂದು ಹನುಮೇಶನನ್ನು ಕೇಳಿದ.

"ಹೌದು ಸರ್."

"ಮತ್ತೆ ಅವತ್ತು ಯಾಕೆ ಬಾಯಿ ಮುಚ್ಕಂಡಿದ್ದೆ?"

ಹನುಮೇಶ ಕೈಗೆ ಹತ್ತಿದ ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿಕೊಂಡ. "ಮೇಡಂ ಹಾಕೀನಿ ಅಂದ್ರು. ಅವ್ರು ಹಾಕಿಲ್ಲ ಅಂತ ನಾನಂದಿದ್ರೆ, ನೀವು ಯಾರನ್ನ ನಂಬ್ತಿದ್ರಿ ಸರ್?"

ಆಟೋದವನು, "ಹತ್ಸೋದಾ, ಇಳ್ಸೋದಾ? ಒಂದು ಹೇಳ್ರಿ," ಎಂದು ಕೂಗಿದ.

"ಇಳ್ಸು," ಎಂದ ದಯಾನಂದ. ಅವನೇ ಹಿಡಿದು ಇಳಿಸಿದ. ಹೊರಡುವಾಗ ಹನುಮೇಶನ ಭುಜ ಮುಟ್ಟಿದ. ನನ್ನ ಕಡೆ ನೋಡಲಿಲ್ಲ.

"ತಪ್ಪಾಯ್ತಪ್ಪಾ," ಎಂದೆ ಹನುಮೇಶನಿಗೆ.

ಪರವಾಗಿಲ್ಲ ಎನ್ನುತ್ತಾನೆಂದು ಕಾದೆ. ಅವನು ಹಾಗೆ ಅನ್ನಲಿಲ್ಲ. "ನಿಮ್ಮ ಗಾಡಿ ಮಾಡ್ತೀನಿ ಮೇಡಂ. ಸರ್‌ದು ಆದ್ಮೇಲೆ. ಸಿರಿಗೆರೆಯೋರು ಬಂದ್ರೆ ಅವರ್ದೂ ಆದ್ಮೇಲೆ."

"ಅವರ ನಂಬರ್ ಕೊಡು."

ಅವನು ಮೊಬೈಲ್ ತೆಗೆದು ಎರಡು ನಂಬರ್ ಓದಿದ.

ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಮೊದಲನೆಯದಕ್ಕೆ ಹಚ್ಚಿದೆ. ಹೊಸದುರ್ಗದ ಶಿವಗಂಗಾ, ಗಾಡಿ ಟೀಚರ್, ಎಂದೆ. ಗೊತ್ತು ಗೊತ್ತು, ಹೇಳ್ರಿ ಎಂದಿತು ಗಂಡಸಿನ ಧ್ವನಿ. "ಎಂಜಿನ್ ಕಚ್ಚಿಕೊಂಡದ್ದು ಹನುಮೇಶನಿಂದ ಅಲ್ಲ. ನಾನು ಎಣ್ಣೆ ಹಾಕೋದನ್ನೇ ಮರೆತಿದ್ದೆ."

ಅವನು ಜೋರಾಗಿ ನಕ್ಕ. ಪಕ್ಕದಲ್ಲಿದ್ದವರಿಗೂ ಹೇಳಿರಬೇಕು, ಇನ್ನೂ ಇಬ್ಬರು ನಕ್ಕಿದ್ದು ಕೇಳಿಸಿತು. ಅದು ಮುಗಿಯುವವರೆಗೆ ಫೋನನ್ನು ಕಿವಿಗೆ ಹಿಡಿದೇ ಕೂತಿದ್ದೆ. ಆಮೇಲೆ ಉಳಿದದ್ದನ್ನೂ ಹೇಳಿದೆ.