ಎಡ ಹಿಮ್ಮಡಿ

ಚೆಂಡು ನೇರ ಎದೆಗೆ ಬಂದು ಬಡಿಯಿತು. ಟೋಬಿನ್ ಕುಚೆರಾನ ಅಂಗೈಗಳು ಇನ್ನೂ ಒಂದಕ್ಕೊಂದು ತಾಗಿರಲಿಲ್ಲ. ಚಪ್ಪಾಳೆ ತಟ್ಟಲು ಹೊರಟ ಕೈಗಳು ಗಾಳಿಯಲ್ಲೇ ನಿಂತವು. ಸಾಲಿನಲ್ಲಿ ಬಗ್ಗಿ ಕಾದಿದ್ದ ಉಳಿದವರಲ್ಲಿ ಒಬ್ಬನೂ ಅಲುಗಾಡಿರಲಿಲ್ಲ. ಚೆಂಡು ಹುಲ್ಲಿಗೆ ಬಿದ್ದು ಅಡ್ಡಾದಿಡ್ಡಿಯಾಗಿ ಪುಟಿಯಿತು. ಎದುರು ಸಾಲಿನವನೊಬ್ಬ ಅದನ್ನು ಬಾಚಿಕೊಂಡು, ಯಾರ ಅಡ್ಡಿಯೂ ಇಲ್ಲದೆ, ಮೈದಾನದ ಆ ತುದಿಯವರೆಗೂ ಓಡಿದ. ಅಲ್ಲಿ ನಿಂತು ನಗುತ್ತ ಚೆಂಡನ್ನು ತಲೆಯ ಮೇಲೆತ್ತಿ ತೋರಿಸಿದ.

ಕೋಚ್ ಹ್ಯಾಗೆನ್ ಸೀಟಿ ಊದಿ ಅಭ್ಯಾಸ ನಿಲ್ಲಿಸಿದರು. "ಯಾರ್ದು ಇದು?"

"ನಂದು ಕೋಚ್," ಎಂದ ರೂಬೆನ್ ಸಾಲ್ಸಿಡೋ, ಕೇಳುವುದನ್ನೇ ಕಾದಿದ್ದವನಂತೆ. "ಬೇಗ ಬಿಟ್ಬಿಟ್ಟೆ."

"ಒಂದು ವಾರದಲ್ಲಿ ಮೂರನೇ ಸಲ. ನಾಲ್ಕನೇದು ಆಯ್ತೋ, ಆ ಜಾಗಕ್ಕೆ ಪರ್ಸೆಲ್ ಬರ್ತಾನೆ. ಮೊದಲನೇ ಮ್ಯಾಚಿಗೆ ನಿಮ್ಮಮ್ಮ ಬೀದಿ ಮಂದಿನೆಲ್ಲ ಕಟ್ಕೊಂಡು ಬರ್ತಾರೆ ಅಂದ್ಯಲ್ಲ? ಬೆಂಚ್ ಮೇಲೆ ಕೂತಿರೋ ಮಗನ್ನ ನೋಡ್ಕೊಂಡು ಹೋಗ್ಲಿ."

"ನಾಲ್ಕನೇದು ಇರಲ್ಲ ಕೋಚ್."

ರೂಬೆನ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಸೆಂಟರ್. ಸಾಲಿನ ನಟ್ಟನಡುವೆ ಚೆಂಡಿನ ಮೇಲೆ ಬಗ್ಗಿ, ಕಾಲುಗಳ ಸಂದಿಯಿಂದ ಅದನ್ನು ಹಿಂದಕ್ಕೆ ಎಸೆಯುವುದು ಅವನ ಕೆಲಸ. ಐದು ಹೆಜ್ಜೆ ಹಿಂದೆ ನಿಂತು, ಚಪ್ಪಾಳೆಯ ಸನ್ನೆ ಕೊಟ್ಟು ಅದನ್ನು ಹಿಡಿದು, ಮುಂದೆ ಓಡುವವನಿಗೆ ಎಸೆಯುವುದು ಕ್ವಾರ್ಟರ್‌ಬ್ಯಾಕ್ ಟೋಬಿನ್‌ನ ಕೆಲಸ. ಮೂರು ವರ್ಷ ಆ ಕೈಯಿಂದ ಈ ಕೈಗೆ ಚೆಂಡು ಬಂದಿತ್ತು. ಈ ವಾರದವರೆಗೆ ಹೀಗೆ ಎದೆಗೆ ಬಡಿದದ್ದು ಇರಲಿಲ್ಲ.

"ಓಲ್ಸನ್, ನೀನು ಬಾ," ಎಂದರು ಕೋಚ್. ಮೈಕಾ ಓಲ್ಸನ್ ಓಡುತ್ತ ಬಂದು ಟೋಬಿನ್ ನಿಂತಿದ್ದ ಜಾಗದಲ್ಲೇ ನಿಂತ. ಚಪ್ಪಾಳೆ ತಟ್ಟಿದ. ಚೆಂಡು ಬಂತು, ಸಾಲು ಎದ್ದಿತು, ಎಲ್ಲವೂ ಒಂದೇ ಉಸಿರಿನಲ್ಲಿ. ಎರಡನೆಯ ಸಲವೂ ಹಾಗೆಯೇ, ಮೂರನೆಯ ಸಲವೂ. ಟೋಬಿನ್ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ಬಿಳಿ ಗೆರೆಯ ಆಚೆ ನಿಂತು ನೋಡಿದ.

ಅವನ ಕಾಲೇಜು ಮುಗಿದಿತ್ತು. ಹೋದ ನವೆಂಬರಿನಲ್ಲಿ, ತವರು ಮೈದಾನದ ಕೊನೆಯ ಪಂದ್ಯದ ದಿನ, ಬೀಳ್ಕೊಡುಗೆಗೆಂದು ಅಪ್ಪ ಅಮ್ಮನ ನಡುವೆ ನಡೆದು ಮೈದಾನಕ್ಕೆ ಬಂದಿದ್ದ. ಅಮ್ಮನ ಕೈಗೆ ಹೂವು ಕೊಟ್ಟಿದ್ದರು. ಆಟ ಮುಗಿದ ಮೇಲೆ, ಹೊರಟು ಹೋಗುವವರೆಲ್ಲ ಮಾಡುವಂತೆ, ಗ್ಯಾಲರಿಯ ಕೆಳಗಿನ ಸುರಂಗದ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ತನ್ನ ಹೆಸರು ಬರೆದು, ಬಂದ ವರ್ಷ, ಹೋದ ವರ್ಷ ಎರಡನ್ನೂ ಕೆಳಗೆ ಹಾಕಿದ್ದ. ಆಮೇಲೆ ಊರಿಗೆ ಹೋಗಿ, ರಜೆ ಹಾಕಿದ ಮೇಷ್ಟರುಗಳ ಬದಲಿಗೆ ಹೈಸ್ಕೂಲಿನಲ್ಲಿ ಪಾಠ ಮಾಡಿಕೊಂಡಿದ್ದ. ಜನವರಿಯಲ್ಲಿ ಕಾಲೇಜು ಕ್ರೀಡಾ ಮಂಡಳಿಯ ಕಾಗದ ಬಂತು. ಮಂಡಿಯ ಶಸ್ತ್ರಚಿಕಿತ್ಸೆಯಿಂದ ಆಡಲಾಗದೆ ಹೋದ ವರ್ಷವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬೇಕಿದ್ದರೆ ಇನ್ನೊಂದು ವರ್ಷ ಆಡಬಹುದು. ರಸ್ತೆಯಂಚಿನ ಅಂಚೆಪೆಟ್ಟಿಗೆಯ ಹತ್ತಿರ, ಹಿಮದಲ್ಲಿ ನಿಂತೇ ಓದಿದ. ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಕೋಚ್‌ಗೆ ಫೋನ್ ಮಾಡಿದ.

"ಜಾಗ ಇದೆ," ಎಂದಿದ್ದರು ಹ್ಯಾಗೆನ್. "ಯಾವ ಜಾಗ ಅಂತ ಈಗ್ಲೇ ಹೇಳಕ್ಕಾಗಲ್ಲ."

ಜೂನ್ ಕೊನೆಯಲ್ಲಿ ಅವನು ಬರುವಷ್ಟರಲ್ಲಿ ತಂಡ ಒಂದು ವಸಂತದ ಅಭ್ಯಾಸ ಮುಗಿಸಿತ್ತು. ಆಟದ ಸನ್ನೆಗಳೆಲ್ಲ ಬದಲಾಗಿದ್ದವು. ಚೆಂಡು ಬಿಡಲು ಈಗ ಚಪ್ಪಾಳೆ. ಮೈಕಾ ಅವನ ಹಿಂದೆ ಎರಡು ವರ್ಷ ಬೆಂಚಿನಲ್ಲಿ ಕೂತವನು. ಚಳಿಗಾಲದಲ್ಲಿ ದೊಡ್ಡ ಕಾಲೇಜುಗಳು ಕರೆದರೂ, ಇನ್ನು ಜಾಗ ತನ್ನದೇ ಎಂಬ ನಂಬಿಕೆಯಿಂದ ಹೋಗದೆ ಉಳಿದಿದ್ದ. ಟೋಬಿನ್ ವಾಪಸ್ಸು ಬಂದದ್ದಕ್ಕೆ ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸುಲಭವಾಗುತ್ತಿತ್ತು. ಇಬ್ಬರಲ್ಲಿ ಮೊದಲ ಪಂದ್ಯ ಆಡುವವರು ಯಾರೆಂದು ಗುರುವಾರ ಹಲಗೆಯ ಮೇಲೆ ಪಟ್ಟಿ ಹಚ್ಚುವುದಾಗಿ ಕೋಚ್ ಹೇಳಿದ್ದರು.

ಅಂದು ಶನಿವಾರ, ಊಟಕ್ಕೆ ಚಿಲಿ ಎಂಬ ಬೀನ್ಸ್-ಮಾಂಸದ ಖಾರದ ಸಾರು, ಜೊತೆಗೆ ದಾಲ್ಚಿನ್ನಿಯ ಸಿಹಿ ರೋಲ್. ನೆಬ್ರಾಸ್ಕಾದಲ್ಲಿ ಹುಟ್ಟಿದವನಿಗೆ ಆಗಸ್ಟಿನ ಸೆಕೆಯಲ್ಲೂ ಆ ಎರಡನ್ನು ಅಗಲಿಸಿ ತಿನ್ನಲು ಬರುವುದಿಲ್ಲ.

"ತಾತ ಬಂದ, ದಾರಿ ಬಿಡ್ರೋ," ಎಂದು ಮೇಜಿನ ಆ ತುದಿಯಿಂದ ಒಬ್ಬ ಕೂಗಿದ. ಇಪ್ಪತ್ನಾಲ್ಕು ವರ್ಷದ ಟೋಬಿನ್ ಈಗ ಎಲ್ಲರಿಗೂ ತಾತ.

"ಮಂಡಿ ಏನನ್ನತ್ತೆ ತಾತ? ಮಳೆ ಉಂಟಾ ಇವತ್ತು?"

"ಉಂಟು. ನಿನ್ನ ಬೆನ್ನ ಮೇಲೆ. ಬಾಯ್ಮುಚ್ಕೊಂಡು ತಿನ್ನು."

"ಅಲ್ಲ ಕಣ್ರೋ, ಗೋಡೆ ಮೇಲೆ ಹೆಸರು ಬರೆದು ಹೋದೋನು ತಿರುಗಾ ಊಟಕ್ಕೆ ಬಂದು ಕೂತ್ರೆ ಅವನು ಮನುಷ್ಯನೋ ಪಿಶಾಚಿಯೋ?"

"ಪಿಶಾಚಿ ಆಗಿದ್ರೆ ಮೂರು ರೋಲ್ ನುಂಗ್ತಿರ್ಲಿಲ್ಲ," ಎಂದ ರೂಬೆನ್. ಮೇಜೆಲ್ಲ ನಕ್ಕಿತು.

ಮೈಕಾ ತಟ್ಟೆ ಹಿಡಿದು ಬಂದು ಅವರೆದುರಿಗೇ ಕೂತ. ಚಮಚ ಕೈಗೆತ್ತಿಕೊಂಡು ಕೆಳಗಿಟ್ಟ. "ಟೋಬಿನ್, ಚೆಂಡು ಬಿದ್ದುಹೋಯ್ತಲ್ಲ, ಆಗ ಎಡಗಡೆ ಓಡೋನು ಪೂರ್ತಿ ಖಾಲಿ ಇದ್ದ, ಕಾಯೋರು ಯಾರೂ ಇರ್ಲಿಲ್ಲ. ನೋಡಿದ್ರಾ?"

"ನೋಡ್ದೆ. ಕೈಲಿ ಚೆಂಡಿದ್ದಿದ್ರೆ ಕೊಡ್ತಿದ್ದೆ."

ಮೈಕಾ ನಕ್ಕ. ಆಮೇಲೆ ರೂಬೆನ್‌ನ ಕಡೆ ನೋಡಿದ. "ಅದೂ... ಚೆಂಡು ಯಾಕೆ ಹಂಗೆ—"

"ತಿನ್ನು," ಎಂದು ರೂಬೆನ್ ತನ್ನ ರೋಲನ್ನೇ ಅವನ ತಟ್ಟೆಗೆ ಹಾಕಿದ. "ಬಾಯಿ ತುಂಬಾ ತಿನ್ನು."

ಮೈಕಾ ತಿಂದ.

ಭಾನುವಾರ ಮಧ್ಯಾಹ್ನ ಟೋಬಿನ್ ಒಂದು ಚೀಲ ಚೆಂಡು ಹೊತ್ತುಕೊಂಡು ರೂಬೆನ್‌ನನ್ನು ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋದ. ಆಚೆ ಬೇಲಿಯವರೆಗೂ ಮೆಕ್ಕೆಜೋಳ, ಆಳೆತ್ತರ. ಇಬ್ಬರೇ ಇದ್ದರು. ಟೋಬಿನ್ ಚಪ್ಪಾಳೆ ತಟ್ಟಿದ, ಚೆಂಡು ಬಂತು. ನಲವತ್ತು ಸಲ ತಟ್ಟಿದರೆ ನಲವತ್ತು ಸಲವೂ ಸರಿಯಾಗಿ ಬಂತು.

"ನೋಡು, ಬರತ್ತೆ ನಿಂಗೆ," ಎಂದ ಟೋಬಿನ್. "ಎದುರಿಗೆ ಜನ ನಿಂತ್ರೆ ಮಾತ್ರ ಏನೋ ಆಗತ್ತೆ. ಅವಸರ ಮಾಡ್ತೀಯ."

ರೂಬೆನ್ ಹುಲ್ಲಿನ ಮೇಲೆ ಕೂತು ಒಂದು ಕಡ್ಡಿಯನ್ನು ಕಿತ್ತು ಹಲ್ಲಿನಲ್ಲಿ ಕಚ್ಚಿದ. "ಹೂಂ. ಅವಸರ."

"ಹೆದ್ರಬೇಡ. ನಿನ್ನ ಜಾಗಕ್ಕೆ ಏನೂ ಆಗಲ್ಲ. ನಾನಿದೀನಲ್ಲ."

"ಅದೇ," ಎಂದ ರೂಬೆನ್. ಟೋಬಿನ್ ಅವನ ಭುಜ ತಟ್ಟಿ ಎಬ್ಬಿಸಿದ.

ಸೋಮವಾರ ಬೆಳಿಗ್ಗೆ ಇಡೀ ತಂಡ ಕತ್ತಲೆಯ ಕೋಣೆಯಲ್ಲಿ ಕೂತು ಶನಿವಾರದ ಅಭ್ಯಾಸವನ್ನು ಪರದೆಯ ಮೇಲೆ ನೋಡಿತು. ಮೈದಾನದ ತುದಿಯ ಕಂಬದ ಮೇಲೆ ಕ್ಯಾಮೆರಾ ಇರುತ್ತದೆ. ಅದಕ್ಕೆ ಎಲ್ಲರ ಬೆನ್ನೂ ಕಾಣುತ್ತದೆ. ಚೆಂಡು ಎದೆಗೆ ಬಡಿದ ಆಟ ಬಂದಾಗ ಕೋಚ್ ಚಿತ್ರವನ್ನು ನಿಧಾನ ಮಾಡಿದರು. ಅವರ ಕೈಯ ದೀಪದ ಕೆಂಪು ಚುಕ್ಕೆ ರೂಬೆನ್‌ನ ಕೈಯ ಮೇಲೆ ಕೂತಿತು. ಕೈ ಚೆಂಡನ್ನು ಬಿಟ್ಟಿತು, ಸಾಲು ಕಲ್ಲಿನಂತೆ ನಿಂತೇ ಇತ್ತು.

"ಸಾಲ್ಸಿಡೋ, ಏನು ಕಾಣ್ತಿದೆ?"

"ಬೇಗ ಬಿಟ್ಟೆ ಕೋಚ್."

"ಯಾಕೆ?"

"ಅವಸರ."

ಅದು ನಿನ್ನೆ ತಾನೇ ಅವನ ಬಾಯಿಗೆ ಹಾಕಿದ ಮಾತು ಎಂದು ಟೋಬಿನ್‌ಗೆ ಹೊಳೆಯಿತು. ಕೋಚ್ ಚಿತ್ರವನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಈ ಸಲ ಟೋಬಿನ್ ರೂಬೆನ್‌ನನ್ನು ನೋಡಲಿಲ್ಲ, ತನ್ನನ್ನು ನೋಡಿಕೊಂಡ. ಕೈಗಳು ಇನ್ನೂ ಸೊಂಟದ ಹತ್ತಿರ ಇದ್ದವು. ಎಡಗಾಲಿನ ಹಿಮ್ಮಡಿ ಮಾತ್ರ, ತನ್ನಷ್ಟಕ್ಕೆ ತಾನೇ, ಹುಲ್ಲಿನಿಂದ ಎರಡು ಬೆರಳು ಮೇಲೆದ್ದಿತು. ಅದು ಎದ್ದಾಗ ಚೆಂಡು ಬಂತು.

ಹೋದ ವರ್ಷದವರೆಗೆ ಸನ್ನೆ ಅದೇ ಆಗಿತ್ತು. ಗ್ಯಾಲರಿಯ ಗದ್ದಲದಲ್ಲಿ ಯಾರ ದನಿಯೂ ಕೇಳಿಸದಾಗ ಟೋಬಿನ್ ಎಡ ಹಿಮ್ಮಡಿ ಎತ್ತುತ್ತಿದ್ದ, ಬಗ್ಗಿದ ರೂಬೆನ್ ಕಾಲ ಸಂದಿಯಿಂದ ಅದನ್ನು ನೋಡಿ ಬಿಡುತ್ತಿದ್ದ. ಸನ್ನೆ ಬದಲಾದದ್ದು ಟೋಬಿನ್‌ಗೆ ಗೊತ್ತಿತ್ತು. ಅವನ ಕಾಲಿಗೆ ಗೊತ್ತಿರಲಿಲ್ಲ, ಎದುರಿಗೆ ಜನ ನಿಂತರೆ ಅದು ಹಳೆಯದನ್ನೇ ಮಾಡುತ್ತಿತ್ತು.

ಕೆಂಪು ಚುಕ್ಕೆ ಹುಲ್ಲಿನ ಮೇಲೆ ತೆವಳಿಕೊಂಡು ಹಿಂದಕ್ಕೆ ಬಂತು. ಟೋಬಿನ್‌ನ ಬೂಟಿನ ಹತ್ತಿರ ಒಂದು ಗಳಿಗೆ ನಿಂತು, ಆರಿತು. ಮುಂದಿನ ಸಾಲಿನಲ್ಲಿ ಮೈಕಾ ಕೂತಿದ್ದ. ತಿರುಗಿ ನೋಡದಿರಲು ಅವನು ಪಡುತ್ತಿದ್ದ ಕಷ್ಟ ಕುತ್ತಿಗೆಯಲ್ಲಿ ಕಾಣುತ್ತಿತ್ತು. ಇವರಿಗೆಲ್ಲ ಮೊದಲೇ ಗೊತ್ತಿತ್ತೇ? ಸುಮ್ಮನಿದ್ದರೆ ಚಿತ್ರ ಮುಂದೆ ಹೋಗುತ್ತದೆ. ರೂಬೆನ್ ಇನ್ನೊಂದು ಸಲ ತನ್ನದೇ ತಪ್ಪೆನ್ನುತ್ತಾನೆ, ಆಮೇಲೆ ಬೆಂಚಿಗೆ ಹೋಗುತ್ತಾನೆ.

"ನನ್ನ ಕಾಲು ಕೋಚ್," ಎಂದ ಟೋಬಿನ್.

"ಏನದು?"

"ಎಡಗಾಲು. ಚಪ್ಪಾಳೆಗೆ ಮುಂಚೆ ಎತ್ತಿದೀನಿ. ಅವನು ಅದನ್ನ ನೋಡಿ ಕೊಟ್ಟಿದಾನೆ. ಹೋದ ಎರಡನ್ನೂ ಹಾಕಿ ನೋಡಿ, ಅದೇ ಇರತ್ತೆ."

ಹಾಕಿದರು. ಅದೇ ಇತ್ತು.

"ಸನ್ನೆ ಬದಲಾಗಿದೆ ಅಂತ ತಾತನ ಕಾಲಿಗೆ ಯಾರೂ ಕಾಗದ ಹಾಕಿಲ್ಲ," ಎಂದಿತು ಹಿಂದಿನಿಂದ ಒಂದು ದನಿ. ಕೋಣೆ ಉಸಿರುಬಿಟ್ಟು ನಕ್ಕಿತು. ಟೋಬಿನ್ ಕೂಡ ನಕ್ಕ.

ಹೊರಗೆ ಮೆಟ್ಟಿಲ ಮೇಲೆ ಅವನು ರೂಬೆನ್‌ನನ್ನು ಹಿಡಿದು ನಿಲ್ಲಿಸಿದ. "ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕಾಲನ್ನೇ ನೋಡ್ಕೊಂಡು ನಿಲ್ತಿದ್ದೆ. ಆಮೇಲೆ ಎಸೆಯೋರ್ಯಾರು?"

"ನೀನು ನೋಡೋದು ಬಿಟ್ಬಿಡ್ಬೇಕಿತ್ತು."

"ಬಿಡಕ್ಕೆ ನೋಡ್ದೆ ಮಾರಾಯ. ಚಪ್ಪಾಳೆಗೇ ಕಾಯಣ ಅಂತ ಹಲ್ಲು ಕಚ್ಕೊಂಡು ನಿಲ್ತೀನಿ, ಹಾಳಾದ್ದು ಕೈ ಕೇಳಲ್ಲ. ಮೂರು ವರ್ಷ ನಾನು ನಿನ್ನ ಮುಖ ನೋಡಿರೋದು ಎಷ್ಟು? ಹಿಮ್ಮಡಿನೇ ಜಾಸ್ತಿ."

"ಮೈಕಾ?"

ರೂಬೆನ್ ಕೆಳಗಿನ ಮೆಟ್ಟಿಲು ನೋಡಿದ. "ಅವನು ಕಾಲು ಎತ್ತಲ್ಲ," ಎಂದಷ್ಟೇ ಹೇಳಿದ.

ಮಂಗಳವಾರ ಟೋಬಿನ್ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದು ಆಡಿದ. ಚೆಂಡು ಪ್ರತಿ ಸಲವೂ ಹೊತ್ತಿಗೆ ಸರಿಯಾಗಿ ಬಂತು. ಆದರೆ ಅವನು ಎಸೆದದ್ದು ಹೋಗಬೇಕಾದಲ್ಲಿಗೆ ಹೋಗಲಿಲ್ಲ. ಒಮ್ಮೆ ಓಡುವವನ ತಲೆಯ ಮೇಲಿಂದ ಹಾರಿತು, ಒಮ್ಮೆ ಅವನ ಹಿಂದೆ ಬಿತ್ತು. ತನ್ನ ಎಸೆತ ಭುಜದಲ್ಲಿ ಶುರುವಾಗುತ್ತದೆ ಎಂದು ಅವನು ತಿಳಿದಿದ್ದ. ಅದು ಆ ಎರಡು ಬೆರಳಿನ ಎತ್ತರದಲ್ಲೇ ಶುರುವಾಗುತ್ತಿತ್ತು. ಅದನ್ನು ತೆಗೆದರೆ ಉಳಿದದ್ದಕ್ಕೆ ತಾಳವೇ ಇರಲಿಲ್ಲ.

ಅಭ್ಯಾಸ ಮುಗಿದ ಮೇಲೆ ಕೋಚ್ ಹ್ಯಾಗೆನ್ ಅವನನ್ನು ತಮ್ಮ ಕೋಣೆಗೆ ಕರೆದರು. ಕೂರಲು ಹೇಳಲಿಲ್ಲ, ತಾವೂ ಕೂರಲಿಲ್ಲ.

"ನೋಡು, ಹಳೇ ಸನ್ನೆ ವಾಪಸ್ ತರಬೋದು. ಹತ್ತು ದಿನ ಸಾಕು. ಹಿಮ್ಮಡಿಲೇ ನೀನು ಹದಿನೆಂಟು ಮ್ಯಾಚ್ ಗೆದ್ದಿದೀಯ. ಕೇಳು, ಕೊಡ್ತೀನಿ."

"ಮಿಕ್ಕೋರು?"

"ಕಲೀತಾರೆ."

"ಮೈಕಾ?"

"ಅವನು ಏನು ಹೇಳಿದ್ರೂ ಕಲೀತಾನೆ. ಒಂದು ಮಾತೂ ಆಡಲ್ಲ. ಅದು ನಿಂಗೂ ಗೊತ್ತು."

ಕಿಟಕಿಯ ಆಚೆ ಇಬ್ಬರು ಕೆಲಸದವರು ಸುಣ್ಣದ ಗಾಡಿ ತಳ್ಳುತ್ತ ಮೈದಾನದ ಗೆರೆಗಳನ್ನು ಮತ್ತೆ ಎಳೆಯುತ್ತಿದ್ದರು. ಅವರು ಒಂದು ಗೆರೆಯನ್ನು ಪೂರ್ತಿ ಮುಗಿಸುವವರೆಗೂ ಟೋಬಿನ್ ನೋಡಿದ. ಹೂಂ ಅಂದರೆ ಸಾಕಿತ್ತು. ಜನವರಿಯಿಂದ ಅವನು ಕಾದದ್ದು ಇಂಥ ಒಂದು ಮಾತಿಗೇ. ತೊಂಬತ್ತು ಜನ ಆರು ತಿಂಗಳಲ್ಲಿ ಮೈಗೂಡಿಸಿಕೊಂಡದ್ದನ್ನು ಅವನ ಒಂದು ಕಾಲಿಗಾಗಿ ಮರೆಯುತ್ತಾರೆ, ಯಾರೂ ಬೈಯುವುದಿಲ್ಲ.

"ಬೇಡ ಕೋಚ್. ಚಪ್ಪಾಳೆನೇ ಇರ್ಲಿ."

"ಯೋಚ್ನೆ ಮಾಡಿ ಹೇಳ್ತಿದೀಯಾ? ಇದರರ್ಥ ಏನು ಅಂತ ಗೊತ್ತು ತಾನೆ?"

"ಗೊತ್ತು."

ಕೋಚ್ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಮತ್ತೆ ಯಾಕಯ್ಯಾ ಬಂದೆ ವಾಪಸ್ಸು?"

"ಮುಗೀತು ಅನ್ನಿಸ್ಲಿಲ್ಲ," ಎಂದ ಟೋಬಿನ್.

"ಈಗ?"

ಟೋಬಿನ್ ಹೆಲ್ಮೆಟ್ ಎತ್ತಿಕೊಂಡು ಬಾಗಿಲ ಕಡೆ ನಡೆದ.

ಗುರುವಾರ ಹಲಗೆಯ ಮೇಲೆ ಪಟ್ಟಿ ಬಂತು. ಸೆಂಟರ್: ಸಾಲ್ಸಿಡೋ, ಅದರ ಕೆಳಗೆ ಪರ್ಸೆಲ್. ಕ್ವಾರ್ಟರ್‌ಬ್ಯಾಕ್: ಓಲ್ಸನ್, ಅದರ ಕೆಳಗೆ ಕುಚೆರಾ. ತಾತ ಎಂದು ಯಾರೂ ಕೂಗಲಿಲ್ಲ. ಮೈಕಾ ಬಂದು ಟೋಬಿನ್‌ನ ಪಕ್ಕದಲ್ಲಿ ನಿಂತು ಪಟ್ಟಿಯನ್ನು ಮೊದಲ ಸಲ ಓದುವವನಂತೆ ಬಹಳ ಹೊತ್ತು ಓದಿದ.

"ನೀವು ಇರ್ತೀರಿ ತಾನೆ?" ಎಂದು ಕೇಳಿದ.

"ಇಲ್ದೆ ಎಲ್ಲಿ ಹೋಗ್ಲಿ? ಎಡಗಡೆ ಓಡೋನು ಖಾಲಿ ಇದ್ರೆ ಹೇಳೋಕೆ ಒಬ್ಬ ಬೇಡ್ವಾ?"

ಮೈಕಾ ತಲೆಯಾಡಿಸಿದ, ಆದರೆ ನಗಲಿಲ್ಲ.

ಮಧ್ಯಾಹ್ನ ಅಭ್ಯಾಸದಲ್ಲಿ ಮೊದಲ ತಂಡ ಹತ್ತಿರದ ಮೈದಾನಕ್ಕೆ ಹೋಯಿತು, ಟೋಬಿನ್, ಪರ್ಸೆಲ್ ಇದ್ದ ಎರಡನೆಯದು ಜೋಳದ ಬೇಲಿಯ ಕಡೆಗೆ. ಪರ್ಸೆಲ್ ಕೆಂಪು ಕುತ್ತಿಗೆಯ ದಢೂತಿ ಹುಡುಗ, ಹತ್ತೊಂಬತ್ತು ದಾಟಿರಲಿಲ್ಲ. ಟೋಬಿನ್ ಇವನ ಜೊತೆ ಈವರೆಗೆ ಒಂದು ಚೆಂಡನ್ನೂ ಹಿಡಿದಿರಲಿಲ್ಲ.

ಪರ್ಸೆಲ್ ಚೆಂಡನ್ನು ನೆಲಕ್ಕಿಟ್ಟು, ಬಗ್ಗುವ ಮುಂಚೆ ತಿರುಗಿ ನೋಡಿದ. "ಹೆಂಗೆ ಬೇಕು ನಿಮಗೆ? ಮೇಲೋ, ಕೆಳಗೋ?"

ಇಂಥ ಪ್ರಶ್ನೆಯನ್ನು ಟೋಬಿನ್‌ಗೆ ಯಾರೂ ಕೇಳಿರಲಿಲ್ಲ. ರೂಬೆನ್ ಕೇಳುವ ಅಗತ್ಯ ಎಂದೂ ಬಂದಿರಲಿಲ್ಲ.

"ಗೊತ್ತಿಲ್ಲ," ಎಂದ. "ಒಂದು ಕೊಡು, ನೋಡಣ."

ಅವನು ಐದು ಹೆಜ್ಜೆ ಹಿಂದೆ ನಿಂತ. ಚಪ್ಪಾಳೆ ತಟ್ಟಿದ. ಚೆಂಡು ಸ್ವಲ್ಪ ಎತ್ತರದಲ್ಲಿ ಬಂತು. ಪರ್ಸೆಲ್ ಎಡಚ, ಚೆಂಡು ಉಲ್ಟಾ ಸುತ್ತಿಕೊಂಡು ಬಂದಿತ್ತು. ಟೋಬಿನ್‌ನ ಬೆರಳುಗಳು, ಎಸೆಯಲು ಹಿಡಿತ ಕೊಡುವ ಹೊಲಿಗೆ ಇರಬೇಕಾದಲ್ಲಿ ಮುಟ್ಟಿದಾಗ ಅಲ್ಲಿ ಬರೀ ತೊಗಲಿತ್ತು. ಅವನು ಎಸೆಯಲಿಲ್ಲ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ, ಹೊಲಿಗೆ ಸಿಗುವವರೆಗೂ ತಿರುಗಿಸಿದ.